ಅಕ್ಕನ ಅಮ್ಮ

ನನ್ನ ದೊಡ್ಡಮ್ಮನನ್ನು ಬೈಂಡಿಂಗ್ ಅಂಗಡಿಯವರು ದಬ್ಬಣದಕ್ಕ ಎನ್ನುತ್ತಿದ್ದರು. ಮಡಚಿದ ಕಾಗದದ ಕಟ್ಟಿಗೆ ಹೊಲಿಗೆಯ ತೂತು ಹಾಕುವ ದಬ್ಬಣ ಸದಾ ಅವಳ ಕೈಯಲ್ಲಿರುತ್ತಿತ್ತು ಎನ್ನುವುದು ಆ ಹೆಸರಿಗೆ ಅರ್ಧ ಕಾರಣ. ಉಳಿದರ್ಧ ಅವಳ ನಾಲಿಗೆ. ಯಾರಾದರೂ ರಟ್ಟನ್ನು ಓರೆಯಾಗಿ ಅಂಟಿಸಿ ತಂದರೆ ಪುಸ್ತಕವನ್ನು ಬೆಳಕಿಗೆ ಹಿಡಿದು, “ರಟ್ಟು ಸೊಟ್ಟಗಿದೆಯೋ ನಿನ್ನ ಕಣ್ಣು ಸೊಟ್ಟಗಿದೆಯೋ ಬೇಗ ಹೇಳಪ್ಪ. ಯಾವುದಕ್ಕೆ ಕತ್ತರಿ ಹಾಕಬೇಕು ಅಂತ ಗೊತ್ತಾಗ್ಲಿ” ಎನ್ನುತ್ತಿದ್ದಳು. ಬೈಸಿಕೊಂಡವನೂ ನಕ್ಕುಬಿಡುತ್ತಿದ್ದ.

ಮುದ್ರಣಾಲಯದ ಹಿಂದಿದ್ದ ಉದ್ದನೆಯ ಕೋಣೆ ಅದು. ಅಚ್ಚಾದ ದೊಡ್ಡ ಹಾಳೆಗಳು ಅಲ್ಲಿಗೆ ಬರುತ್ತಿದ್ದವು. ಹೆಂಗಸರು ಮೇಜಿನ ಎರಡೂ ಬದಿಗೆ ಕೂತು ಅವನ್ನು ಮಡಚುತ್ತಿದ್ದರು, ಪುಟದ ಅನುಕ್ರಮ ನೋಡಿ ಜೋಡಿಸುತ್ತಿದ್ದರು, ಹೊಲಿಯುತ್ತಿದ್ದರು, ಬೆನ್ನಿಗೆ ಅಂಟು ಸವರುತ್ತಿದ್ದರು. ಮೂಲೆಯ ಒಲೆಯ ಮೇಲೆ ಮೈದಾ ಹಿಟ್ಟಿನ ಅಂಟು ಕುದಿಯುತ್ತಿರುತ್ತಿತ್ತು. ನಾನು ಚಿಕ್ಕವಳಿದ್ದಾಗ ದೊಡ್ಡಮ್ಮನ ಮಡಿಲಿಗೆ ಮುಖ ಹುದುಗಿಸಿದರೆ ಆ ಅಂಟಿನ ವಾಸನೆಯೇ. “ಇಷ್ಟು ಪುಸ್ತಕ ಹೊಲಿದಿದೀಯಲ್ಲ ದೊಡ್ಡಮ್ಮ, ಓದಿದ್ದೆಷ್ಟು?” ಎಂದು ಒಮ್ಮೆ ಕೇಳಿದ್ದೆ. “ಅಡುಗೆ ಮಾಡಿದವಳಿಗೆ ಊಟದ ಹೊತ್ತಿಗೆ ಹಸಿವು ಸತ್ತಿರುತ್ತೆ ಮರಿ. ನಂದೂ ಅದೇ ಕಥೆ” ಎಂದಿದ್ದಳು.

ಅವಳು ಮದುವೆಯಾಗಲಿಲ್ಲ. ತಂಗಿಯನ್ನು, ಅಂದರೆ ನನ್ನ ಅಮ್ಮನನ್ನು, ಸಾಕಿದಳು. ಅವರ ತಾಯಿ ತೀರಿಕೊಂಡಾಗ ಅಮ್ಮ ಇನ್ನೂ ತೊಟ್ಟಿಲ ಕೂಸು, ದೊಡ್ಡಮ್ಮನಿಗೆ ಹನ್ನೆರಡೋ ಹದಿಮೂರೋ. ತಂದೆ ಇದ್ದೂ ಇಲ್ಲದವನು. ಕೆಲಸ ಹುಡುಕಿಕೊಂಡು ಹೋಗುತ್ತೇನೆಂದು ಹೋದವನು ಆಗೊಮ್ಮೆ ಈಗೊಮ್ಮೆ ಬಂದು ಮುಖ ತೋರಿಸಿ, ಆಮೇಲೆ ಅದನ್ನೂ ನಿಲ್ಲಿಸಿದ. ದೊಡ್ಡಮ್ಮ ಶಾಲೆ ಬಿಟ್ಟು ಬೈಂಡಿಂಗ್ ಅಂಗಡಿಗೆ ಸೇರಿದಳು. ಹೊಲಿಗೆಯ ಮೇಜಿನ ಕೆಳಗೆ ಕಾಗದದ ಚೂರುಗಳ ರಾಶಿಯ ಮೇಲೆ ಅಮ್ಮ ಮಲಗಿ, ತೆವಳಿ, ನಡೆದು, ದೊಡ್ಡವಳಾದಳು. ಕೊನೆಗೆ ಓದಿ ಶಾಲೆಯ ಟೀಚರೂ ಆದಳು.

ಅಪ್ಪ ಬಸ್ ಡ್ರೈವರ್. ಹೆಣ್ಣು ಕೇಳಲು ಬಂದಾಗ ದೊಡ್ಡಮ್ಮ ಅವನನ್ನು ಎದುರಿಗೆ ಕೂರಿಸಿಕೊಂಡು, “ಬ್ರೇಕ್ ಹಾಕೋದು ಬಸ್ಸಿಗೆ ಮಾತ್ರಾನೋ, ನಾಲಿಗೆಗೂ ಗೊತ್ತೋ?” ಎಂದು ಕೇಳಿದಳಂತೆ. ಅಪ್ಪ, “ನಿಮ್ಮ ಮುಂದೆ ಕೂತಾಗಿನಿಂದ ಬ್ರೇಕ್ ಬಿಟ್ಟು ಬೇರೇನೂ ಕೆಲಸ ಮಾಡ್ತಾ ಇಲ್ಲ ಅಕ್ಕ” ಎಂದನಂತೆ. ಅಷ್ಟಕ್ಕೇ ಮದುವೆ ಗಟ್ಟಿಯಾಯಿತು. ದೊಡ್ಡಮ್ಮ ನಮ್ಮ ಜೊತೆಗೇ ಇದ್ದಳು. ಅಪ್ಪ ತೀರಿಹೋದ ಮೇಲೆ ಮನೆಯಲ್ಲಿ ನಾವು ಮೂವರೇ. ನಾನು ಅಂಚೆ ಕಚೇರಿಯಲ್ಲಿ ಕೌಂಟರಿನವಳು.

ದೊಡ್ಡಮ್ಮ ಏನು ಬೇಕಾದರೂ ಮಾತಾಡುತ್ತಿದ್ದಳು, ಆದರೆ ತನ್ನ ತಾಯಿಯ ಮಾತು ಬಂದರೆ ಬಾಯಿಗೆ ಬೀಗ. ಒಂದು ಫೋಟೋ ಕೂಡ ಇರಲಿಲ್ಲ. ಅಮ್ಮ ಚಿಕ್ಕಂದಿನಲ್ಲಿ, “ಅಕ್ಕಾ, ಅಮ್ಮ ಹೇಗಿದ್ಳೇ?” ಎಂದು ಕೇಳಿದರೆ, “ಅಮ್ಮ ಅಮ್ಮನ ಥರ ಇದ್ಳು. ಮಗ್ಗಿ ಬಾಯಿಪಾಠ ಆಯ್ತಾ?” ಎನ್ನುತ್ತಿದ್ದಳು. ದೊಡ್ಡವಳಾದ ಮೇಲೆ ಕೇಳಿದಾಗಲೂ ಅದೇ ಉತ್ತರ, ಮಗ್ಗಿಯ ಬದಲು ಬೇರೆ ಏನಾದರೂ ಕೆಲಸ. ಅಮ್ಮ ಕ್ರಮೇಣ ಕೇಳುವುದನ್ನು ಬಿಟ್ಟಳು. ಆದರೆ ಆಸೆ ಬಿಟ್ಟಿರಲಿಲ್ಲ. ರಸ್ತೆಯಲ್ಲಿ ಮುದುಕಿಯೊಬ್ಬಳು ಮಗಳ ಕೈ ಹಿಡಿದು ಹೋಗುತ್ತಿದ್ದರೆ ಅಮ್ಮನ ನಡಿಗೆ ನಿಧಾನವಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ದೊಡ್ಡಮ್ಮ ಕೆಲಸದಿಂದ ನಿವೃತ್ತಳಾದ ಮೇಲೂ ಅಂಗಡಿಯ ಯಜಮಾನರು ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ರಿಪೇರಿಗೆಂದು ಮನೆಗೆ ಕಳಿಸುತ್ತಿದ್ದರು. ಕಿಟಕಿಯ ಪಕ್ಕ ಮಣೆ ಹಾಕಿಕೊಂಡು ಅವಳು ಹೊಲಿಯುತ್ತಿದ್ದಳು. ಹೀಗೊಮ್ಮೆ ಯಜಮಾನರೇ ಖುದ್ದಾಗಿ ಬಂದರು. ಕೈಯಲ್ಲಿ ಅವಳು ಹೊಲಿದು ಕಳಿಸಿದ್ದ ಪುಸ್ತಕ. ಕುರ್ಚಿಯ ತುದಿಯಲ್ಲಿ ಕೂತು, ಚಹಾ ಕುಡಿದು, ಹವಾಮಾನದ ಮಾತಾಡಿ, ಮತ್ತೂ ಹವಾಮಾನದ ಮಾತಾಡಿ, ಕೊನೆಗೆ ಪುಸ್ತಕವನ್ನು ಮೆಲ್ಲಗೆ ಅವಳ ಮುಂದಿಟ್ಟರು. ಪುಟಗಳು ಹಿಂದುಮುಂದಾಗಿದ್ದವು. ಒಂದು ಕಟ್ಟು ತಲೆಕೆಳಗಾಗಿತ್ತು.

“ಬೆಳಕು ಸರಿ ಇಲ್ಲ ಈ ಮನೆಯಲ್ಲಿ. ಎಷ್ಟು ಸಲ ಹೇಳಿದೀನಿ ಇವಳಿಗೆ” ಎಂದು ದೊಡ್ಡಮ್ಮ ಅಮ್ಮನ ಕಡೆ ಕೈ ಮಾಡಿದಳು.

“ಹೌದಕ್ಕ, ಬೆಳಕೇ. ಬೆಳಕು ಬಿಟ್ಟು ಇನ್ನೇನು?” ಎಂದರು ಯಜಮಾನರು.

ಅವರು ಹೋದ ಮೇಲೆ ಅವಳು ಹೊಲಿಗೆ ಬಿಚ್ಚಿ ಪುಟಗಳನ್ನು ನೆಲದ ಮೇಲೆ ಹರಡಿದಳು. ಸಂಜೆಯವರೆಗೂ ಹರಡಿಕೊಂಡೇ ಕೂತಿದ್ದಳು. ನಾನು ಕೆಲಸದಿಂದ ಬಂದಾಗ, “ಮರಿ, ಇದರಲ್ಲಿ ಯಾವುದಾದ ಮೇಲೆ ಯಾವುದು?” ಎಂದು ಕೇಳಿದಳು. ದನಿಯಲ್ಲಿ ಮೊನಚೇ ಇರಲಿಲ್ಲ. ಮರುದಿನ ಬೆಳಿಗ್ಗೆ ದಬ್ಬಣ, ನೂಲು, ಸೂಜಿ ಎಲ್ಲ ಒಂದು ಬಟ್ಟೆಯಲ್ಲಿ ಸುತ್ತಿ, ಅಂಗಡಿಗೆ ಕೊಟ್ಟು ಬಾ ಎಂದು ನನಗೇ ಕೊಟ್ಟಳು.

ಅಲ್ಲಿಂದ ಒಂದು ವರ್ಷ ಅಷ್ಟಿಷ್ಟು ಮರೆವಿನಲ್ಲಿ ಕಳೆಯಿತು. ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದು, ಹೇಳಿದ್ದನ್ನೇ ಹೇಳುವುದು. ಅದಕ್ಕೆಲ್ಲ ನಾವು ನಕ್ಕೆವು, ಅವಳೂ ನಕ್ಕಳು. ಆಮೇಲೆ ಚಳಿಗಾಲದಲ್ಲಿ ಎದೆ ಕಟ್ಟಿ ಆಸ್ಪತ್ರೆ ಸೇರಿದಳು. ಉಸಿರು ಸರಿಹೋಗಿ ಮನೆಗೆ ಬಂದವಳು ಬೇರೆಯೇ ಯಾರೋ. ಬಚ್ಚಲು ಯಾವ ಕಡೆ ಎಂದು ತಿಳಿಯದೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಚಮಚ ಹಿಡಿದು ಅದನ್ನೇ ನೋಡುತ್ತಿದ್ದಳು.

ಡಾಕ್ಟರಮ್ಮ ಅಮ್ಮನ ವಯಸ್ಸಿನವರೇ. ಮತ್ತೆ ತೋರಿಸಲು ಕರೆದೊಯ್ದಾಗ ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲೇ ಕೂತು ಹೇಳಿದರು: “ಇದು ಬರೀ ಅರಳುಮರಳು ಅಂತ ತಿಳ್ಕೋಬೇಡಿ. ಅವರ ಹೃದಯ ದಣಿದಿದೆ, ಶ್ವಾಸಕೋಶ ದಣಿದಿದೆ. ಬುದ್ಧಿ ಅವೆರಡರ ಜೊತೆಗೇ ಇಳೀತಾ ಇದೆ. ವಯಸ್ಸಾದ ಕೆಲವರಲ್ಲಿ ಹೀಗಾಗುತ್ತೆ. ಬಹಳ ವರ್ಷ ಸಮತಟ್ಟಾಗಿ ನಡೀತಾ ಇದ್ದದ್ದು ಕೊನೇಲಿ ಇಳಿಜಾರಿಗೆ ಬೀಳುತ್ತೆ.”

“ಕೊನೇಲಿ ಅಂದ್ರೆ?” ಎಂದಳು ಅಮ್ಮ.

“ಎಷ್ಟು ದಿನ ಅಂತ ನಾನು ಹೇಳಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ. ಮಾತಾಡೋದಿದ್ರೆ ಈಗಲೇ ಮಾತಾಡಿ, ಅಷ್ಟೇ.”

ಅಮ್ಮ ಮೊದಲು ಮಾಡಿದ್ದು ತನಗೆ ಗೊತ್ತಿದ್ದ ಕೆಲಸ: ತಿದ್ದುವುದು. ನಲವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವಳು. ದೊಡ್ಡಮ್ಮ ಬೆಳಿಗ್ಗೆಯನ್ನು ಸಂಜೆ ಎಂದರೆ ಕಿಟಕಿ ತೆರೆದು ಸೂರ್ಯನನ್ನು ತೋರಿಸುತ್ತಿದ್ದಳು. ನನ್ನಪ್ಪ ಇನ್ನೂ ಡ್ಯೂಟಿಯಿಂದ ಬಂದಿಲ್ಲವಾ ಎಂದರೆ ಅಪ್ಪನ ಫೋಟೋದ ಮುಂದೆ ಕರೆದೊಯ್ಯುತ್ತಿದ್ದಳು. ತಿದ್ದಿ ತಿದ್ದಿ ಅಕ್ಕನನ್ನು ವಾಪಸು ತರಬಹುದು ಎಂಬ ನಂಬಿಕೆ.

ಒಂದು ಮಧ್ಯಾಹ್ನ ಅಮ್ಮ ಅವಳ ತಲೆ ಬಾಚುತ್ತಿದ್ದಳು. ಬಿಸಿಲು ಮಂಚದ ಕಾಲಿನವರೆಗೆ ಬಂದಿತ್ತು. ನನಗೆ ಅಂದು ರಜೆ, ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದೆ.

“ಮೆಲ್ಲಗೆ ಅಮ್ಮಾ, ಎಳೀಬೇಡ” ಎಂದಳು ದೊಡ್ಡಮ್ಮ.

ಅಮ್ಮನ ಕೈ ನಿಂತಿತು. “ಅಮ್ಮ ಅಲ್ವೇ ಅಕ್ಕ, ನಾನು. ಪುಟ್ಟಿ.”

ದೊಡ್ಡಮ್ಮ ಹಿಂತಿರುಗಿ ನೋಡಿ ನಕ್ಕಳು. ಹಲ್ಲಿಲ್ಲದ ಬಾಯಿಯ ನಗು, ಆದರೆ ಅದರಲ್ಲಿ ಸಣ್ಣ ಹುಡುಗಿಯ ತುಂಟತನ ಇತ್ತು. “ಪುಟ್ಟಿ ತೊಟ್ಟಿಲಲ್ಲಿ ಮಲಗಿದಾಳಲ್ಲ! ಈಗ ತಾನೇ ಹಾಲು ಕುಡಿಸಿ ಮಲಗಿಸಿದೆ. ಜೋರಾಗಿ ಮಾತಾಡಬೇಡ, ಎದ್ದುಬಿಡ್ತಾಳೆ.”

ಅಮ್ಮ ತಿದ್ದಿದಳು. “ಅಕ್ಕಾ, ಸರಿಯಾಗಿ ನೋಡು ನನ್ನ. ಅಮ್ಮ ಸತ್ತು ಎಷ್ಟೋ ವರ್ಷ ಆಯ್ತಲ್ಲೇ.”

ದೊಡ್ಡಮ್ಮನ ಮುಖದಲ್ಲಿ ಆದದ್ದನ್ನು ನಾನು ಮರೆಯಲಾರೆ. ನಗು ಅಲ್ಲೇ ಉಳಿದು, ಅದರ ಅಡಿಯಿಂದ ಎಲ್ಲವೂ ಕುಸಿಯಿತು. “ಯಾವಾಗ?” ಎಂದಳು. “ನನಗ್ಯಾಕೆ ಯಾರೂ ಹೇಳಲಿಲ್ಲ?” ಆಮೇಲೆ ಅತ್ತಳು. ಮುದುಕರು ಅಳುವ ಹಾಗಲ್ಲ, ಬೀದಿಯಲ್ಲಿ ಕೈತಪ್ಪಿದ ಮಗು ಅಳುವ ಹಾಗೆ, ಉಸಿರು ಸಿಕ್ಕಿಹಾಕಿಕೊಳ್ಳುವಂತೆ ಅತ್ತಳು. ಅಮ್ಮ ಬಾಚಣಿಗೆ ಕೈಯಲ್ಲಿ ಹಿಡಿದೇ ನಿಂತಿದ್ದಳು. ಕೊನೆಗೆ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, “ಇಲ್ಲ, ಇಲ್ಲ. ಇಲ್ಲೇ ಇದೀನಿ ಮಗಳೇ. ಎಲ್ಲೂ ಹೋಗಿಲ್ಲ” ಎಂದಳು.

ದೊಡ್ಡಮ್ಮ ಬಿಕ್ಕುತ್ತಾ ಬಿಕ್ಕುತ್ತಾ ನಿದ್ದೆಹೋದಳು.

ಅಂದಿನಿಂದ ಅಮ್ಮ ತಿದ್ದುವುದನ್ನು ಬಿಟ್ಟಳು. ಮೊದಮೊದಲು ಸುಮ್ಮನೆ ಹೂಂಗುಟ್ಟುತ್ತಿದ್ದಳು. ಮಧ್ಯಾಹ್ನದ ಹೊತ್ತು, ತಲೆ ಬಾಚುವಾಗ, ದೊಡ್ಡಮ್ಮ ಹನ್ನೆರಡು ವರ್ಷದವಳಾಗುತ್ತಿದ್ದಳು, ಅಮ್ಮ ಅವಳ ಅಮ್ಮನಾಗುತ್ತಿದ್ದಳು. ಹೀಗೆ ಹೂಂಗುಟ್ಟುತ್ತಾ ಕೂತಿದ್ದಾಗ ಒಂದು ದಿನ ದೊಡ್ಡಮ್ಮ, “ಅಮ್ಮಾ, ಕೈ ಕೊಡು, ಒತ್ತುತೀನಿ. ಇವತ್ತೂ ಬಾಟಲಿ ತೊಳೆದು ತೊಳೆದು ಬೆರಳೆಲ್ಲ ಬೆಳ್ಳಗಾಗಿದೆ” ಎಂದಳು.

ಅಮ್ಮ ಕೈ ಕೊಟ್ಟಳು. ದೊಡ್ಡಮ್ಮ ಒಂದೊಂದೇ ಬೆರಳನ್ನು ಹಿಡಿದು ಒತ್ತಿದಳು. ನಾನು ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ತನ್ನ ಕೈಗಳನ್ನೇ ನೋಡುತ್ತಾ ನಿಂತಿದ್ದಳು.

“ನನ್ನಮ್ಮ ಬಾಟಲಿ ತೊಳೆಯೋ ಕೆಲಸ ಮಾಡ್ತಿದ್ಳಂತೆ ಕಣೆ. ನನಗೆ ಅಷ್ಟೂ ಗೊತ್ತಿರಲಿಲ್ಲ ನೋಡು. ಇಷ್ಟು ವಯಸ್ಸಾಗಿದೆ ನನಗೆ, ನನ್ನ ತಾಯಿ ಏನು ಕೆಲಸ ಮಾಡ್ತಿದ್ಳು ಅಂತ ಇವತ್ತು ತಿಳೀತು.”

ಆಮೇಲೆ ಅವಳು ಕೇಳಲು ಶುರುಮಾಡಿದಳು. ಉಪಾಯವಾಗಿ, ತಾನೇ ಮರೆತವಳ ಹಾಗೆ. “ನಾನು ಪುಟ್ಟಿಗೆ ಏನು ಹಾಡ್ತೀನಿ ಮಗಳೇ?” ಎಂದರೆ, “ಹಾಡೋದಾ? ಅಮ್ಮಾ, ನೀನು ಹಾಡಿದ್ರೆ ಮಲಗಿದ್ದವಳೂ ಎದ್ದುಬಿಡ್ತಾಳೆ!” ಎಂದು ದೊಡ್ಡಮ್ಮ ನಗುವಳು. ಅಜ್ಜಿಗೆ ಹಾಡಲು ಬರುತ್ತಿರಲಿಲ್ಲ. ನಾಯಿ ಎಂದರೆ ಪ್ರಾಣಭಯ, ಬೊಗಳಿದರೆ ಮಗಳ ಹಿಂದೆ ಅಡಗುತ್ತಿದ್ದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು, ಮುಂದಿನ ಹಲ್ಲೊಂದು ಮುರಿದಿತ್ತಂತೆ. ಕೂಸನ್ನು ‘ಗುಬ್ಬಿ’ ಎನ್ನುತ್ತಿದ್ದಳು. “ಗುಬ್ಬೀನ ನನಗೆ ಕೊಡಮ್ಮ, ನಿನಗೆ ಕೈ ನೋಯುತ್ತೆ” ಎಂದು ದೊಡ್ಡಮ್ಮ ಖಾಲಿ ತೋಳು ಚಾಚಿದಾಗ ಅಮ್ಮ ಎದ್ದು ಹೊರಗೆ ಬಂದು, ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

ಚೂರುಚೂರಾಗಿ ಅಮ್ಮನಿಗೆ ಒಬ್ಬ ತಾಯಿ ಸಿಗುತ್ತಿದ್ದಳು. ಕೆಲವು ಚೂರು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದು ದಿನ ಅಜ್ಜಿ ಎತ್ತರ, ಇನ್ನೊಂದು ದಿನ ಗಿಡ್ಡ. ಯಾವುದು ನಿಜ ಎಂದು ಕೇಳುವಂಥ ಬೇರೆ ಯಾರೂ ಉಳಿದಿರಲಿಲ್ಲ. ಅಮ್ಮ ಎರಡನ್ನೂ ಇಟ್ಟುಕೊಂಡಳು. ಈ ನಡುವೆ ನಾನೊಂದು ಗಮನಿಸಿದೆ: ಅಮ್ಮ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅವಳ ಹಲ್ಲುಗಳೆಲ್ಲ ನೆಟ್ಟಗಿದ್ದವು.

ನನಗೆ ಇದು ಹಿಡಿಸಲಿಲ್ಲ. “ಅಮ್ಮ, ಅವಳನ್ನ ಇನ್ನಷ್ಟು ದಾರಿ ತಪ್ಪಿಸ್ತಾ ಇದೀಯ” ಎಂದೆ. “ಅವಳು ನಿನ್ನ ಗುರುತು ಹಿಡೀಬೇಕು ಅಂತ ನಿನಗೆ ಆಸೆ ಇಲ್ವಾ?”

“ಬೆಳಿಗ್ಗೆ ಎದ್ದ ತಕ್ಷಣ ಅದೇ ಆಸೆ. ಪುಟ್ಟೀ, ಚಹಾ ತಣ್ಣಗಾಯ್ತು ಅಂತ ಬೈತಾಳೇನೋ ಅಂತ ಬಾಗಿಲಲ್ಲಿ ನಿಂತು ಕಾಯ್ತೀನಿ. ಬೈಯಲ್ಲ. ಮಧ್ಯಾಹ್ನ ಆದ್ರೆ…” ಎಂದು ನಿಲ್ಲಿಸಿ, ಕೈಯಲ್ಲಿದ್ದ ಪಾತ್ರೆಯನ್ನು ಒರೆಸಿದ್ದನ್ನೇ ಒರೆಸಿದಳು. “ಮಧ್ಯಾಹ್ನ ಆದ್ರೆ ನನ್ನ ಗುರುತು ಹಿಡಿಯದೇ ಇರಲಿ ದೇವರೇ ಅನ್ಸುತ್ತೆ. ಇದಕ್ಕೇನಂತೀಯ?”



ವಸಂತದ ಹೊತ್ತಿಗೆ ದೊಡ್ಡಮ್ಮನ ಮಾತು ಕಮ್ಮಿಯಾಯಿತು. ವಾಕ್ಯ ಶುರುವಾಗಿ ಅರ್ಧದಲ್ಲಿ ನಿಂತುಬಿಡುತ್ತಿತ್ತು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಹೊದಿಕೆಯ ಅಂಚನ್ನು ಮಡಚಿ, ಹೆಬ್ಬೆರಳ ಉಗುರಿನಿಂದ ಗೀರಿ, ಮತ್ತೆ ಮಡಚುತ್ತಿದ್ದಳು. ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಅಮ್ಮ ಹಾಲಿನಲ್ಲಿ ನೆನೆಸಿದ ಬ್ರೆಡ್ ತಿನ್ನಿಸುತ್ತಿದ್ದಾಗ, ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದಳು. ಹಿಡಿತ ಬಿಗಿಯಾಗಿತ್ತು.

“ಅಮ್ಮಾ, ಅವರು ಇವತ್ತೂ ಬಂದಿದ್ರಾ?”

“ಯಾರು ಮಗಳೇ?”

“ಅವರೇ. ಮಕ್ಕಳಿಲ್ಲದವರು. ಆ ಹೆಂಗಸು ಗುಬ್ಬೀನ ಎತ್ತಿಕೊಂಡು ಕೆಳಗಿಳಿಸಲೇ ಇಲ್ಲ. ನಾನು ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡೆ. ನನ್ನ ಕೈಲಿ ಇನ್ನಾಗಲ್ಲ, ನೀವೇ ಸಾಕಿಕೊಳ್ಳಿ ಅಂದೆಯಲ್ಲ ನೀನು.”

ಅಮ್ಮನ ಕೈಯ ಚಮಚ ಬಟ್ಟಲಿಗೆ ತಾಗಿ ಸದ್ದಾಯಿತು. ನಾನು ಬಾಗಿಲಲ್ಲಿ ನಿಂತೆ.

“ಕೊಡಬೇಡಮ್ಮ” ಎಂದಳು ದೊಡ್ಡಮ್ಮ. ಬಹಳ ದಿನಗಳಿಂದ ಅವಳ ಬಾಯಲ್ಲಿ ಇಷ್ಟು ಮಾತು ಒಟ್ಟಿಗೆ ಬಂದಿರಲಿಲ್ಲ. “ನಿನಗೆ ಹುಷಾರಿಲ್ಲ ಅಂತ ಗೊತ್ತು. ನಾನು ಸ್ಕೂಲು ಬಿಡ್ತೀನಿ. ಪ್ರೆಸ್ಸಿನ ಹಿಂದೆ ಪುಸ್ತಕ ಹೊಲಿಯೋರು ಹುಡುಗೀರನ್ನ ತಗೋತಾರಂತೆ, ಕೇಳಿಕೊಂಡು ಬಂದಿದೀನಿ. ನಾನೇ ಸಾಕ್ತೀನಿ. ಅವಳು ಅಳಲ್ಲ, ನನ್ನ ಹತ್ರ ಅಳೋದೇ ಇಲ್ಲ ಅವಳು.”

ಅಮ್ಮನ ಮುಖ ನನಗೆ ಅರ್ಧ ಮಾತ್ರ ಕಾಣುತ್ತಿತ್ತು. ಕೂಸನ್ನು ಕೊಟ್ಟುಬಿಡುವುದೋ ಇಟ್ಟುಕೊಳ್ಳುವುದೋ ಎಂದು ಆ ಕೂಸನ್ನೇ ಕೇಳುವುದು ಲೋಕದಲ್ಲಿ ಎಲ್ಲಿಯಾದರೂ ಉಂಟೇ? ಮುದಿ ಅಕ್ಕನ ಹೆಬ್ಬೆರಳು, ನೂಲು ಎಳೆದು ಎಳೆದು ಒರಟಾದದ್ದು, ಅವಳ ಮಣಿಕಟ್ಟಿನ ಮೇಲಿತ್ತು.

“ಕೊಟ್ಟುಬಿಡೋಣ ಮಗಳೇ” ಎಂದಳು ಅಮ್ಮ ಕೊನೆಗೆ. “ಅವರು ಒಳ್ಳೆ ಜನ. ಚೆನ್ನಾಗಿ ನೋಡ್ಕೋತಾರೆ. ನೀನು ಸ್ಕೂಲಿಗೆ ಹೋಗು. ನೀನೂ ಚಿಕ್ಕವಳು, ಆಟ ಆಡು. ದೊಡ್ಡವಳಾಗಿ ನಿನ್ನದೇ ಒಂದು ಮನೆ…”

ಮಾತು ಮುಗಿಯಲಿಲ್ಲ. ದೊಡ್ಡಮ್ಮ ಕಿರುಚಿದಳು. ಆ ಸವೆದ ದೇಹದಲ್ಲಿ ಅಂಥ ದನಿ ಎಲ್ಲಿತ್ತೋ. ಹಾಲಿನ ಬಟ್ಟಲು ನೆಲಕ್ಕೆ ಬಿತ್ತು. “ನನ್ನ ಗುಬ್ಬಿ! ನನ್ನ ಗುಬ್ಬಿ ಅವಳು!” ಎಂದು ಮಂಚದಿಂದ ಇಳಿಯಲು ಹೋದಳು, ತೊಟ್ಟಿಲನ್ನು ಹುಡುಕಲು. ನಾನೂ ಓಡಿ ಬಂದು ಹಿಡಿದೆ. ಅಮ್ಮ ಅವಳನ್ನು ಅಪ್ಪಿಕೊಂಡು ಕಿವಿಯ ಹತ್ತಿರ ಮತ್ತೆ ಮತ್ತೆ ಹೇಳಿದಳು: “ಕೊಡಲ್ಲ. ಯಾರಿಗೂ ಕೊಡಲ್ಲ. ನಿನ್ನ ಹತ್ರಾನೇ ಇರ್ತಾಳೆ. ಅವಳು ನಿನ್ನವಳೇ ಮಗಳೇ, ನಿನ್ನವಳೇ.”

“ಆಣೆ ಮಾಡು.”

“ನಿನ್ನಾಣೆ.”

ದೊಡ್ಡಮ್ಮ ನಿಧಾನವಾಗಿ ಸಡಿಲಾದಳು. “ಸರಿ ಹಾಗಾದ್ರೆ” ಎಂದಳು, ವ್ಯವಹಾರ ಮುಗಿದವಳಂತೆ, ಮತ್ತು ದಿಂಬಿಗೆ ಒರಗಿದಳು.

ನಾನು ನೆಲದ ಹಾಲು ಒರೆಸಿದೆ. ಅಮ್ಮ ಒರೆಸಲು ಬರಲಿಲ್ಲ, ಮಂಚದ ಅಂಚಿನಲ್ಲೇ ಕೂತಿದ್ದಳು. ಬಿಸಿಲು ಹೋದ ಮೇಲೆ ಹೇಳಿದಳು: “ಬೈಂಡಿಂಗ್ ಕೆಲಸ ಅವಳಿಗೆ ಬೇರೆ ದಾರಿ ಇಲ್ಲದೆ ಗಂಟುಬಿತ್ತು ಅಂತಲೇ ತಿಳ್ಕೊಂಡಿದ್ದೆ. ಬೇರೆ ದಾರಿ ಇತ್ತು ಕಣೆ. ಅವಳೇ ಬೇಡ ಅಂದ್ಳು.” ಅಕ್ಕನ ಹೊದಿಕೆ ಸರಿಮಾಡಿ ಮತ್ತೆ ಹೇಳಿದಳು: “ಅಮ್ಮನ ಮಾತು ಯಾಕೆ ಎತ್ತುತ್ತಿರಲಿಲ್ಲ ಅಂತ ಈಗ ಗೊತ್ತಾಯ್ತು. ಎತ್ತಿದ್ರೆ ಇದನ್ನೂ ಹೇಳಬೇಕಾಗ್ತಿತ್ತು. ಅಮ್ಮ ನಿನ್ನ ಕೊಡೋಕೆ ಹೊರಟಿದ್ಳು ಅಂತ ನನಗೆ ಹೇಗೆ ಹೇಳ್ತಾಳೆ ಪಾಪ?”

“ಅದು ನಿಜ ಅಂತ ಹೇಗೆ ಹೇಳ್ತೀಯ ಅಮ್ಮ? ಅಜ್ಜಿ ಒಂದಿನ ಎತ್ತರ, ಒಂದಿನ ಗಿಡ್ಡ.”

“ಅವಳ ಕಿರುಚು ಕೇಳಲಿಲ್ವಾ ನಿನಗೆ?” ಎಂದಳು ಅಮ್ಮ.

ಅದೇ ಕೊನೆ. ಆಮೇಲೆ ದೊಡ್ಡಮ್ಮ ಯಾರನ್ನೂ ಅಮ್ಮ ಎಂದು ಕರೆಯಲಿಲ್ಲ. ಮಧ್ಯಾಹ್ನದ ಬಿಸಿಲು ಮಂಚದ ಕಾಲಿಗೆ ಬರುವ ಹೊತ್ತಿಗೆ ಅಮ್ಮ ಬಾಚಣಿಗೆ ಹಿಡಿದು ಕೂರುತ್ತಿದ್ದಳು. ಕೂದಲು ಬಾಚಿ, ಸಿಕ್ಕು ಬಿಡಿಸಿ, ಮೆಲ್ಲಗೆ ಒಂದು ಸಲ ಎಳೆದೂ ನೋಡುತ್ತಿದ್ದಳು, ‘ಎಳೀಬೇಡ’ ಎನ್ನಲಿ ಎಂದು. “ಮಗಳೇ, ಇವತ್ತು ಬಾಟಲಿ ಬಹಳ ಇತ್ತು, ಕೈ ಒತ್ತು” ಎಂದು ಕೈ ಚಾಚುತ್ತಿದ್ದಳು. ದೊಡ್ಡಮ್ಮ ಆ ಕೈಯನ್ನು ನೋಡುತ್ತಿದ್ದಳು, ಗೋಡೆಯನ್ನು ನೋಡುವ ಹಾಗೆಯೇ. ಒಮ್ಮೆ ಅಮ್ಮ ತನ್ನ ಹೆಸರಿನಿಂದಲೂ ಪ್ರಯತ್ನಿಸಿದಳು. “ಅಕ್ಕಾ, ನಾನು ಪುಟ್ಟಿ. ಗುಬ್ಬಿ ಕಣೇ.” ಅದೂ ತಾಗಲಿಲ್ಲ. ಅಕ್ಕನಿಗಾಗಿ ಕಾದರೆ ಅಕ್ಕ ಇಲ್ಲ, ಅಮ್ಮನಿಗಾಗಿ ಕಾದರೆ ಅಮ್ಮನೂ ಇಲ್ಲ.

ಊಟ ಇಳಿಯದಾಯಿತು. ಡಾಕ್ಟರಮ್ಮ ಮನೆಗೇ ಬಂದು ನೋಡಿದರು. ಎದೆಯ ಮೇಲೆ ಸ್ಟೆತಸ್ಕೋಪ್ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇಟ್ಟು, “ನೋವಿಲ್ಲ ಅವರಿಗೆ. ಬಾಯಿ ಒಣಗದ ಹಾಗೆ ನೋಡ್ಕೊಳ್ಳಿ, ಸಾಕು” ಎಂದರು. ಬೈಂಡಿಂಗ್ ಅಂಗಡಿಯ ಯಜಮಾನರು ಬಂದು ಕಾಲ ಬಳಿ ನಿಂತರು. “ಏನಕ್ಕ, ಬೈಯಲ್ವಾ ನನ್ನ?” ಎಂದು ಕೇಳಿ, ಕಿಟಕಿಯ ಕಡೆ ತಿರುಗಿ ಕನ್ನಡಕ ತೆಗೆದರು.

ಅದಾದ ಎರಡು ಮೂರು ದಿನಕ್ಕೆ, ಬೆಳಿಗ್ಗೆ, ಅಮ್ಮ ಒದ್ದೆ ಬಟ್ಟೆಯಿಂದ ಅವಳ ತುಟಿ ಒರೆಸುತ್ತಿದ್ದಳು. ದೊಡ್ಡಮ್ಮ ಕಣ್ಣು ಬಿಟ್ಟಳು. ಕಣ್ಣು ತಿಳಿಯಾಗಿತ್ತು. ಅಮ್ಮನ ಮುಖವನ್ನು ಹಣೆಯಿಂದ ಗಲ್ಲದವರೆಗೆ ನೋಡಿದಳು. ಅಮ್ಮ ನನಗೆ ಕೈ ಸನ್ನೆ ಮಾಡಿದಳು, ಅಲುಗಾಡಬೇಡ ಎಂದು.

“ನಿಮಗೆ ತುಂಬಾ ತೊಂದರೆ ಕೊಡ್ತಾ ಇದೀನಿ” ಎಂದಳು ದೊಡ್ಡಮ್ಮ.

ಹುಟ್ಟಿದಾಗಿನಿಂದ ‘ನೀನು’, ‘ಏನೇ’, ‘ಬಾರೇ’ ಎಂದು ಕರೆಸಿಕೊಂಡವಳಿಗೆ ಆ ‘ನಿಮಗೆ’ ಎಲ್ಲಿ ಚುಚ್ಚಿತೋ. ಆದರೂ ಅಮ್ಮ ನಕ್ಕು, “ತೊಂದರೆ ಏನಿಲ್ಲ” ಎಂದಳು.

“ನಿಮಗೆ ಯಾರಿದಾರೆ?”

“ಮಗಳಿದಾಳೆ.” ಅಮ್ಮ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು. “ಒಬ್ಬ ಅಕ್ಕ ಇದಾಳೆ.”

“ಒಳ್ಳೇದಾಯ್ತು” ಎಂದಳು ದೊಡ್ಡಮ್ಮ. “ಅಕ್ಕ ಇದ್ರೆ ಆಯ್ತು.”

ಕಣ್ಣು ಮುಚ್ಚಿದಳು. ಮತ್ತೆ ಮಾತಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ, ಹಾಲಿನ ಗಾಡಿ ಬೀದಿಯಲ್ಲಿ ಹೋಗುತ್ತಿದ್ದಾಗ, ಉಸಿರು ಒಂದು ಸಲ ತಡೆದು, ಮತ್ತೆ ಬಂದು, ಆಮೇಲೆ ಬರಲಿಲ್ಲ.

ಈಗ ಎಷ್ಟೋ ತಿಂಗಳಾಗಿವೆ. ಅಮ್ಮ ಚೆನ್ನಾಗಿಯೇ ಇದ್ದಾಳೆ, ಊಟ ಮಾಡುತ್ತಾಳೆ, ಪಕ್ಕದ ಮನೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಮೊನ್ನೆ ರಜೆಯ ದಿನ ನಾವಿಬ್ಬರೂ ತರಕಾರಿ ಹೆಚ್ಚುತ್ತಿದ್ದಾಗ ಇದ್ದಕ್ಕಿದ್ದಂತೆ, “ಆ ಗಂಡ ಹೆಂಡತಿ ಯಾರಿರಬಹುದು?” ಎಂದಳು.

ಯಾರು ಎಂದು ನಾನು ಕೇಳಬೇಕಾಗಿರಲಿಲ್ಲ.

“ಅವರ ಮನೆಯಲ್ಲಿ ಬೆಳೆದಿದ್ರೆ ನೀನು ಏನಾಗಿರ್ತಿದ್ದೆ ಅಂತ ಯೋಚನೆಯಾ?”

“ನನ್ನ ಯೋಚನೆ ಯಾರಿಗೆ ಬೇಕು? ಅಕ್ಕ ಏನಾಗಿರ್ತಿದ್ಳು ಅಂತ.” ಚಾಕುವನ್ನು ಕೆಳಗಿಟ್ಟಳು. “ಸ್ಕೂಲಿಗೆ ಹೋಗಿರ್ತಿದ್ಳು. ಆ ನಾಲಿಗೆಗೆ ವಕೀಲೆಯೇ ಆಗ್ತಿದ್ಳೇನೋ. ಮದುವೆ, ಮಕ್ಕಳು. ಒಂದು ದೊಡ್ಡ ಮನೆ, ಕಿಟಕಿಗೆಲ್ಲ ಪರದೆ. ಅವಳನ್ನ ಆ ಮನೆಯಲ್ಲಿ ಓಡಾಡಿಸಿ ನೋಡ್ತೀನಿ ದಿನಾ. ಚೆನ್ನಾಗೇ ಇರ್ತಾಳೆ. ಆದ್ರೆ ಅಲ್ಲಿ ನಾನಿರಲ್ಲ. ಕಿಟಕಿಯಿಂದ ಇಣುಕಿ ನೋಡಿದ ಹಾಗೆ ಇರುತ್ತೆ.”

“ನೀನಿಲ್ಲದೆ ಇದ್ದಿದ್ರೆ ಯಾರನ್ನ ಬೈತಿದ್ಳು?” ಎಂದೆ, ಅವಳನ್ನು ನಗಿಸಲು.

ಅಮ್ಮ ನಕ್ಕಳು. ನಗುತ್ತಲೇ ಕಣ್ಣು ತುಂಬಿತು. “ಕೊನೇಲಿ ಒಂದೇ ಒಂದು ಸಲ ಬೈದುಬಿಟ್ಟು ಹೋಗಬಹುದಿತ್ತು ಕಣೆ. ಪುಟ್ಟೀ ಅಂತ ಹೆಸರು ಹಿಡಿದು. ಯಾವ ತಪ್ಪಿಗಾದ್ರೂ ಸರಿ.”

ನಾನು ಅವಳ ಮುಂದಿದ್ದ ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ, ಉಳಿದದ್ದನ್ನು ಹೆಚ್ಚಿದೆ. ಅಮ್ಮ ಕೈ ಮಡಿಲಲ್ಲಿಟ್ಟುಕೊಂಡು, ಹೊರಗೆ ರಸ್ತೆಯಲ್ಲಿ ಹೋಗಿಬರುವವರನ್ನು ನೋಡುತ್ತಾ ಕೂತಿದ್ದಳು.